ಅತ್ತೆ ಬೇಡವೆನ್ನದ ಹಣ್ಣು

ಆ ವರ್ಷ ಫೆಬ್ರವರಿಯಲ್ಲಿ ಅತ್ತೆ ತಮ್ಮ ಊರು ದೊಡ್ಮನೆಯಲ್ಲಿ ಜಾರಿ ಬಿದ್ದು ಪಾದದ ಎಲುಬು ಬಿರುಕು ಬಿಟ್ಟಿತು. ಆಸ್ಪತ್ರೆ ಹತ್ತಿರವಿರಲೆಂದು ಯಲ್ಲಾಪುರದ ನಮ್ಮ ಬಾಡಿಗೆ ಮನೆಗೆ ಕರೆತಂದೆವು. ನಾನು ಅಲ್ಲಿಯ ಶಾಲೆಯಲ್ಲಿ ಟೀಚರು. ಗಂಡ ಬೆಳಗಿನ ಬಸ್ಸಿಗೆ ಶಿರಸಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಯೇ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಾನೂ ಅತ್ತೆಯೂ ಎರಡು ದಿನಕ್ಕಿಂತ ಹೆಚ್ಚು ಒಟ್ಟಿಗೆ ಇದ್ದದ್ದಿಲ್ಲ.

ನೋವಿನ ಮಾತ್ರೆ, ಕೂತಲ್ಲೇ ಕೂರುವುದು ಎರಡೂ ಸೇರಿ ಅವರಿಗೆ ಮಲಬದ್ಧತೆಯಾಯಿತು. ಹೇಳಲು ನಾಚಿಕೆ. ಮೂರನೆಯ ದಿನ ಊಟ ಬಿಟ್ಟಾಗ ನಾನೇ ಕೆದಕಿ ಕೇಳಿದೆ. ಡಾಕ್ಟರು ಇಸಬಗೋಲಿನ ಪುಡಿ ಬರೆದುಕೊಟ್ಟು, ಹಣ್ಣು ತರಕಾರಿ ತಿನ್ನಿಸಿ ಎಂದರು.

ಅಷ್ಟು ಸಾಕಾಯಿತು ನನಗೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅರ್ಧ ಪಪ್ಪಾಯಿ ಹೆಚ್ಚಿ ಬಟ್ಟಲಲ್ಲಿಡುತ್ತಿದ್ದೆ. ಹನ್ನೊಂದು ಗಂಟೆಗೆಂದು ಡಬ್ಬಿಯಲ್ಲಿ ದ್ರಾಕ್ಷಿ, ಚಿಕ್ಕು. ಸಂಜೆ ಬಂದವಳೇ ಕಿತ್ತಳೆ ರಸ. ಮಲಗುವಾಗ ಪುಡಿ. ವಾರದೊಳಗೆ ಹೊಟ್ಟೆ ಸರಿಯಾಯಿತು. ಆದರೆ ನಾನು ನಿಲ್ಲಿಸಲಿಲ್ಲ. ಬಟ್ಟಲು ದಿನವೂ ಖಾಲಿಯಾಗಿ ತೊಳೆದು ಕವುಚಿಟ್ಟಿರುತ್ತಿತ್ತು; ಅದನ್ನು ನೋಡಿದಾಗಲೆಲ್ಲ ಒಳ್ಳೆಯ ಸೊಸೆಯೆಂಬ ಹೆಮ್ಮೆ.

ಬರಬರುತ್ತಾ ಅತ್ತೆ ಮಂಕಾದರು. ಪಕ್ಕದ ಮನೆಯವರು ಅರಿಸಿನ ಕುಂಕುಮಕ್ಕೆ ಕರೆದರೆ ಹೋಗಲಿಲ್ಲ. ಬಾಗಿಲ ಬಳಿ ಕೂತು ಬೀದಿ ನೋಡುವುದೂ ನಿಂತಿತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರ ಸೀರೆ ಒಗೆದು ಹಗ್ಗದ ಮೇಲಿರುತ್ತಿತ್ತು. ಕಾಲುನೋವಿನಲ್ಲಿ ಯಾಕೆ ಒಗೆದಿರಿ ಎಂದರೆ ಆಚೆ ತಿರುಗಿಬಿಡುತ್ತಿದ್ದರು. ನನ್ನ ಮೇಲೇ ಏನೋ ಸಿಟ್ಟಿರಬೇಕೆಂದುಕೊಂಡೆ. ನಾನೂ ಮಾತು ಕಡಿಮೆ ಮಾಡಿದೆ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದಾಗ ಅವರು ಬಚ್ಚಲ ಬಾಗಿಲಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ತುಟಿ ಒಣಗಿತ್ತು, ಕಣ್ಣು ಗುಳಿಬಿದ್ದಿತ್ತು.

"ಎಂತಾ ಆತು ಅತ್ತೆ?"

"ಎಂತೂ ಆಜಿಲ್ಲೆ. ಸ್ವಲ್ಪ ತಲೆ ತಿರುಗ್ತು."

ಸೀರೆಯ ಒದ್ದೆಯನ್ನು ಕೈಯಿಂದ ಮುಚ್ಚಿಕೊಳ್ಳಲು ನೋಡುತ್ತಿದ್ದರು. ಆಗ ತಿಳಿಯಿತು, ಭೇದಿ ಹತ್ತಿದೆಯೆಂದು. ಬಿಸಿನೀರು ತಂದು ಮೈ ತೊಳೆಸಿ ಸೀರೆ ಬದಲಿಸಿದೆ. ಅಷ್ಟು ಹೊತ್ತೂ ಅವರು ನನ್ನ ಮುಖ ನೋಡಲಿಲ್ಲ. ಆಟೋ ಕರೆಸಿ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಹಾವೇರಿ ಕಡೆಯ ಹೆಂಗಸು. "ಬರ್ರಿ ಅಜ್ಜಿ, ಕುಂದರ್ರಿ. ಎಷ್ಟು ದಿನದಿಂದ ಹಿಂಗಾಗಾಕತ್ತೈತಿ?"

"ಐದು ದಿನ ಆತು," ಎಂದರು ಅತ್ತೆ. ನಾನು ಬಾಯಿ ಬಿಟ್ಟು ನೋಡಿದೆ.

ತಿಂದದ್ದೇನೆಂದು ಡಾಕ್ಟರು ಕೇಳಿದರು. ನಾನೇ ಹೇಳುತ್ತಾ ಹೋದೆ. ಪಪ್ಪಾಯಿ, ದ್ರಾಕ್ಷಿ, ಚಿಕ್ಕು, ಕಿತ್ತಳೆ. ಹೇಳುತ್ತಿದ್ದಂತೆ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಪುಡಿ?"

"ಅದೂ ಕೊಡ್ತಿದ್ದೇನೆ."

ಅವರು ಹೊಟ್ಟೆ ಒತ್ತಿ ನೋಡಿದರು, ಜ್ವರ ನೋಡಿದರು, ಪರೀಕ್ಷೆಯನ್ನೂ ಮಾಡಿಸಿದರು. ಸೋಂಕೇನೂ ಕಾಣಲಿಲ್ಲ. "ಹಣ್ಣು ಕೆಟ್ಟದ್ದಲ್ರೀ ಮೇಡಂ. ಆದ್ರ ಒಮ್ಮೆಲೇ ಇಷ್ಟಾದ್ರ ಅದರ ನಾರು, ಅದರ ಸಕ್ಕರಿ ಕರುಳಿಗೆ ನೀರು ಎಳೀತಾವ. ಮ್ಯಾಲೆ ಈ ಪುಡಿ ಬ್ಯಾರೆ. ವಯಸ್ಸಾದ ಹೊಟ್ಟಿ ಎಷ್ಟಂತ ತಡಕೋಬೇಕು? ಪುಡಿ ನಿಲ್ಲಸ್ರಿ. ಓಆರ್‌ಎಸ್ ಗುಟುಕು ಗುಟುಕು ಕುಡಸ್ರಿ, ತೆಳ್ಳಗ ಗಂಜಿ ಕೊಡ್ರಿ."

ಮನೆಗೆ ಬಂದು ಗಂಜಿ ಮಾಡಿ ಚಮಚದಲ್ಲಿ ಕುಡಿಸುವಾಗ ಕೇಳಿದೆ, "ಒಂದು ಮಾತು ಹೇಳಲಾಗಿತ್ತಿಲ್ಯ ಅತ್ತೆ?"

ಅವರು ಚಮಚವನ್ನು ಮೆಲ್ಲನೆ ಆಚೆ ಸರಿಸಿದರು.

"ಹೆಂಗೆ ಹೇಳದೇ? ನೀನು ಶಾಲೆಗೆ ಹೋಪ ಗಡಿಬಿಡಿಲೂ ಬೀಜ ತೆಗೆದು, ಸಿಪ್ಪೆ ತೆಗೆದು ಕೊಡ್ತಿದ್ದೆ. ಯಂಗೆ ಇಷ್ಟು ವರ್ಷದಲ್ಲಿ ಯಾರೂ ಹಣ್ಣು ಹೆಚ್ಚಿ ಕೊಟ್ಟದ್ದಿಲ್ಲೆ. ಎಲ್ಲರಿಗೂ ಹೆಚ್ಚಿ ಕೊಟ್ಟು ಆನು ಗೊರಟು ಚೀಪಿದ್ದೇ ಆತು. ಬ್ಯಾಡ ಹೇಳಲೆ ಬಾಯೇ ಬಂತಿಲ್ಲೆ."

ತಿನ್ನಲಾರದೆಯೂ ತಿಂದಿದ್ದಾರೆ, ಬಟ್ಟಲು ತೊಳೆದಿಟ್ಟಿದ್ದಾರೆ, ಆಮೇಲೆ ಆ ಕಾಲಿನಲ್ಲೇ ಬಚ್ಚಲಿಗೆ ಓಡಿದ್ದಾರೆ. ನಾನು ಬಟ್ಟಲನ್ನು ನೋಡಿದ್ದೆ, ಅವರ ಮುಖವನ್ನು ನೋಡಿರಲಿಲ್ಲ.

ನಾಲ್ಕು ದಿನದಲ್ಲಿ ಚೇತರಿಸಿಕೊಂಡರು. ಆಮೇಲೆ ದಿನಕ್ಕೆ ಎರಡು ಹೋಳು ಹಣ್ಣು, ಅದೂ ಕೇಳಿಯೇ. ಮೊದಮೊದಲು "ಇವತ್ತು ಬ್ಯಾಡ" ಎನ್ನುವಾಗ ತಪ್ಪು ಮಾಡಿದವರಂತೆ ನನ್ನತ್ತ ನೋಡುತ್ತಿದ್ದರು. ಕ್ರಮೇಣ ಅದೂ ಹೋಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು, "ತಂಬುಳಿಗೆ ಉಪ್ಪು ಜಾಸ್ತಿ ಆಜು ನೋಡು," ಎಂದರು. ನನ್ನ ಅಡುಗೆಯಲ್ಲಿ ಅವರು ಬಾಯಿಬಿಟ್ಟು ಹೇಳಿದ ಮೊದಲ ಕೊರತೆ ಅದು. ನಾನು ಎದ್ದು ಹೋಗಿ ಮಜ್ಜಿಗೆ ತಂದು ಬೆರೆಸಿದೆ.