ಬಾನೆಟ್ ಮುಚ್ಚದ ಜೀಪು ಮತ್ತು ನಮ್ಮತ್ತಿಗೆ

ಗಾಜಿನ ಬಳೆಗಳನ್ನು ಮೊಣಕೈಯತ್ತ ಏರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಜೀಪಿನ ಬಾನೆಟ್ಟಿಗೆ ಕಿವಿಯೊಡ್ಡಿ ನಿಂತರೆಂದರೆ ನಮ್ಮತ್ತಿಗೆಗೆ ಒಲೆಯ ಮೇಲಿನ ಹಾಲೂ ನೆನಪಿರುತ್ತಿರಲಿಲ್ಲ. ಅದು ಉಕ್ಕಿ ಒಲೆ ಆರಿದರೂ "ಇವತ್ತು ಉಸಿರು ಸಲೀಸಾಗೈತೆ ಕಣಪ್ಪಾ" ಎಂದು ನನ್ನನ್ನು ಕೂಗುವರು. ಉಸಿರು ಅಂದರೆ ಎಂಜಿನ್ನಿನದು!

ಮಿಲಿಟರಿಯವರು ಹರಾಜು ಹಾಕಿದ್ದ ಆ ಹಳೆಯ ಜೀಪು ಮದುವೆಯಲ್ಲಿ ಅವರಪ್ಪ ಕೊಟ್ಟ ಬಳುವಳಿ. ಎಪ್ಪತ್ತರ ದಶಕದ ದಬ್ಬೇಘಟ್ಟದಲ್ಲಿ ಸೊಸೆಯೊಬ್ಬಳು ಸ್ಟೇರಿಂಗ್ ಹಿಡಿದು ತುರುವೇಕೆರೆಗೆ ಹೋಗಿಬರುವುದೆಂದರೆ ಸಣ್ಣ ಮಾತೇ? ಆಡಿಕೊಳ್ಳುವವರು ಬೇಕಾದಷ್ಟಿದ್ದರು. ಅತ್ತಿಗೆ ಹಾರನ್ ಒತ್ತಿ ಮುಂದೆ ಹೋಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಎಂಜಿನ್ ಕೈಕೊಟ್ಟಿತು. ಅಣ್ಣ ಗುಜರಿಯವನಿಗೆ ಬರಹೇಳಿದ. ಅತ್ತಿಗೆ ಕಣ್ಣಲ್ಲಿ ನೀರು ತಂದುಕೊಂಡರು: "ಅದು ಹೋದ್ರೆ ನಾನು ಎಲ್ಲಿಗ್ ಹೋಗ್ಬೇಕಂದ್ರೂ ಯಾರನ್ನಾದ್ರೂ ಕೇಳ್ಬೇಕು ಕಣ್ರೀ." ಅಣ್ಣ ಕರಗಿದ, ಅರ್ಧ ಮಾತ್ರ. "ಭಾನುವಾರದೊಳಗೆ ಓಡ್ಸಿ ತೋರ್ಸು. ಇಲ್ಲಾಂದ್ರೆ ಬುಡು."

ತಿಪಟೂರಿನಲ್ಲಿ ಬಿ.ಎ. ಇತಿಹಾಸ ಓದುತ್ತಿದ್ದ ನಾನೇ ಅತ್ತಿಗೆಯ ಸೈನ್ಯ. ಅಪಘಾತವಾಗಿ ಮೂಲೆ ಸೇರಿದ್ದ ಹೊಸ ಮಾದರಿಯ ಜೀಪೊಂದರ ಎಂಜಿನ್ ಅಲ್ಲಿಯೇ ಸಿಕ್ಕಿತು. ಕೊಬ್ಬರಿ ಇಳಿಸಿ ವಾಪಸಾಗುತ್ತಿದ್ದ ಲಾರಿಯಲ್ಲಿ ಹೇರಿ ತಂದು, ಹುಣಸೆ ಕೊಂಬೆಗೆ ಸರಪಳಿ ರಾಟೆ ಕಟ್ಟಿ ಇಳಿಸಿದೆವು. ಹಳೆಯ ಎಂಜಿನ್ನಿನ ಜಾಗದಲ್ಲಿ ಅದು ಹೇಳಿ ಮಾಡಿಸಿದಂತೆ ಕೂತಿತು! ಆದರೆ ಬಾನೆಟ್ ಮುಚ್ಚಲಿಲ್ಲ. ಎಂಜಿನ್ ನಾಲ್ಕು ಬೆರಳು ಎತ್ತರ.

ಅತ್ತಿಗೆ ಎರಡೂ ಎಂಜಿನ್ನುಗಳನ್ನು ಬಗ್ಗಿ ಬಗ್ಗಿ ನೋಡಿ ಚಪ್ಪಾಳೆ ತಟ್ಟಿಬಿಟ್ಟರು. "ಕೆಳಗೆ ಅದೇ ಹಳೇ ಎಂಜಿನ್ನು ಕಣಪ್ಪಾ! ಮೊದ್ಲು ಗಾಳಿ ಎಳ್ಕಳೋ ವಾಲ್ವೂ ಹೊಗೆ ಬುಡೋ ವಾಲ್ವೂ ಎರಡೂ ಪಕ್ಕದಾಗಿದ್ವು. ಇದ್ರಾಗೆ ಗಾಳಿ ಎಳ್ಕಳೋದನ್ನ ತಲೆ ಮೇಲಿಟ್ಟವ್ರೆ, ಉಸಿರು ಜಾಸ್ತಿ ಬರ್ಲಿ ಅಂತ. ಅಪ್ಪ ಕಟ್ಟಿದ್ ಮನೆ ಮೇಲೆ ಮಗ ಮಾಳಿಗೆ ಏರ್ಸಿದಂಗೆ!"

ಹೊಸ ಜೀಪುಗಳ ಹಣೆ ಎತ್ತರವಿರುವುದು ಸಾಹೇಬರ ಗತ್ತಿಗೆಂದು ನಾವೆಲ್ಲ ನಂಬಿದ್ದೆವು. ಅಲ್ಲವೇ ಅಲ್ಲ! ಎಂಜಿನ್ ಬೆಳೆಯಿತು, ಹಳೆಯ ಬಾನೆಟ್ಟಿನಡಿ ಹಿಡಿಸಲಿಲ್ಲ, ಜೀಪು ತಯಾರಿಸುತ್ತಿದ್ದ ಅಮೆರಿಕಾದವರು ಬಾನೆಟ್ಟನ್ನೇ ಎತ್ತರಿಸಿದರು. ಕಾಲೇಜಿನಲ್ಲಿ ರಾಜರ ಹೆಸರು ಉರುಹೊಡೆಯುತ್ತಿದ್ದ ನಾನು ಇತಿಹಾಸವನ್ನು ಕೈಯಿಂದ ಮುಟ್ಟಿದ್ದು ಅಂದೇ. ಆ ಖುಷಿ ಇಂದಿಗೂ ಇಳಿದಿಲ್ಲ.

ಅಷ್ಟರಲ್ಲಿ ಗುಜರಿಯವನನ್ನು ಕರೆದುಕೊಂಡು ಅಣ್ಣ ಬಂದ. "ಮುಚ್ಚದ ಬಾನೆಟ್ ಇಟ್ಕೊಂಡು ಏನೇ ಮಾಡ್ತೀಯ?"

"ಬಿಚ್ಚಿ ಹಾಕ್ತೀನಿ ಕಣ್ರೀ!"

ಬಿಚ್ಚಿಯೇ ಹಾಕಿದರು. ಬಾನೆಟ್ಟಿಲ್ಲದ ಜೀಪು ಗುಡುಗುತ್ತ ತುರುವೇಕೆರೆಯ ತಗಡಿನ ಕೆಲಸದವನ ಅಂಗಡಿಗೆ ಹೊರಟಿತು, ಬಾನೆಟ್ಟಿಗೊಂದು ಮಾಳಿಗೆ ಕಟ್ಟಿಸಲು. ಕೆರೆ ಏರಿ ಹತ್ತುವಾಗ ಹಿಂದಿನ ಸೀಟಿನಲ್ಲಿದ್ದ ಅಣ್ಣನೇ "ಇನ್ನೂ ಜೋರಾಗಿ ಬುಡೇ!" ಎಂದು ಕೂಗುತ್ತಿದ್ದ. ಗುಜರಿಯವನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ.

ಆಮೇಲೆ ಎಷ್ಟೋ ವರ್ಷ ಅತ್ತಿಗೆ ಅದೇ ಜೀಪಿನಲ್ಲಿ ಕೇಳಿದವರಿಗೆಲ್ಲ ಡ್ರೈವಿಂಗ್ ಕಲಿಸಿದರು. ನನ್ನ ಹೆಂಡತಿಗೆ, ಮಗಳಿಗೆ, ನೊಣವಿನಕೆರೆಯ ನರ್ಸಮ್ಮನಿಗೆ. ಅತ್ತಿಗೆ ತೀರಿಕೊಂಡ ದಿನ ನಾನು ಮಗುವಿನಂತೆ ಅತ್ತುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ತೋಟದ ಮುಂದೆ ಕಾರು, ಜೀಪುಗಳು ಸಾಲುಗಟ್ಟಿದವು. ಹೆಚ್ಚಿನವುಗಳ ಡ್ರೈವರ್ ಸೀಟಿನಿಂದ ಇಳಿದವರು ಹೆಂಗಸರು.