ನಮ್ಮ ತಾತ ಮಲಗಿದ್ದಾರೆ

ಸೆರೆಂಗೆಟಿಯಲ್ಲಿ ಸಫಾರಿ ಗಾಡಿ ಓಡಿಸುವವರಿಗೆ ಎರಡು ನಾಲಗೆ. ಒಂದು ಅತಿಥಿಗಳಿಗೆ, ಇನ್ನೊಂದು ರೇಡಿಯೊಗೆ. ಸ್ವಾಹಿಲಿಯಲ್ಲಿ ಸಿಂಹಕ್ಕೆ ಸಿಂಬಾ, ಚಿರತೆಗೆ ಚುಯಿ ಅಂತ ಅತಿಥಿಗಳು ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡು ಇಳಿದಿರುತ್ತಾರೆ. ರೇಡಿಯೊದಲ್ಲಿ ಆ ಹೆಸರು ಕಿವಿಗೆ ಬಿತ್ತೋ, ಮುಗೀತು, ಅಲ್ಲಿಗೇ ನಡಿ ಅಂತ ಪ್ರಾಣ ತಿನ್ನುತ್ತಾರೆ. ಅದಕ್ಕೇ ಅಡ್ಡಹೆಸರು. ಸಿಂಹ ದೊಡ್ಡಪ್ಪ. ಮರ ಹತ್ತಿದ ಚಿರತೆ ಮಹಡಿಮನೆಯವಳು. ಹಿಂಡು ಬಿಟ್ಟು ಕೆಸರಿನಲ್ಲಿ ಒಂಟಿಯಾಗಿ ಬಿದ್ದಿರುವ ಮುದಿ ಕಾಡುಕೋಣ ತಾತ. ಅದೂ ಮನುಷ್ಯರಿಗೆ ಕೊಡುವ ಮರ್ಯಾದೆ ಕೊಟ್ಟೇ ಮಾತಾಡಬೇಕು. ದೊಡ್ಡಪ್ಪನವರು ಊಟಕ್ಕೆ ಕೂತಿದ್ದಾರೆ ಅಂದರೆ ಯಾವ ಅತಿಥಿಗೆ ಏನು ಗೊತ್ತಾಗಬೇಕು!

ಈ ಹೆಸರುಗಳಲ್ಲಿ ಅರ್ಧಕ್ಕರ್ಧ ಇಟ್ಟವರು ಬಾಹಾ. ಕರಾಟು ಕಡೆಯ ಇರಾಕ್ವ್ ಬುಡಕಟ್ಟಿನವರು, ವಯಸ್ಸು ಅರವತ್ತಾರು, ಸ್ಟೀರಿಂಗ್ ಹಿಡಿದು ಮೂವತ್ತೆಂಟು ವರ್ಷ. ಅವರನ್ನೂ ಎಲ್ಲರೂ ತಾತ ಅಂತಲೇ ಕರೆಯುತ್ತಿದ್ದರು. ಮುದಿ ಕೋಣಕ್ಕೂ ತನಗೂ ಒಂದೇ ಹೆಸರು ಅಂತ ಅವರಿಗೆ ಅದೇ ಒಂದು ಜಂಬ. ಹೊಸದಾಗಿ ಬಂದ ಅತಿಥಿಗಳಿಗೆಲ್ಲ ಸ್ವಾಹಿಲಿಯಲ್ಲಿ ಒಂದೇ ಒಂದು ವಾಕ್ಯ ಕಲಿಸಿ, ಮುದಿ ಕೋಣ ಕಂಡಾಗ ರೇಡಿಯೊದಲ್ಲಿ ಹೇಳಿಸುವರು: ತಾತ ಮಲಗಿದ್ದಾರೆ. ಆ ತುದಿಯಿಂದ ಯಾರಾದರೊಬ್ಬರು, ಮಲಗ್ಲಿ ಬಿಡಿ, ಪಿಂಚಣಿ ತಗೊಂಡೋರಿಗೆ ಇನ್ನೇನು ಕೆಲಸ, ಅನ್ನಬೇಕು. ಆ ಉತ್ತರವನ್ನೂ ಕಲಿಸಿದವರು ಅವರೇ. ಆಮೇಲೆ ಬಾಹಾ ಗೊಗ್ಗರು ದನಿಯಲ್ಲಿ ಗಹಗಹಿಸಿ ನಗುವುದು ಹತ್ತು ಗಾಡಿಗಳಿಗೆ ಕೇಳಿಸುತ್ತಿತ್ತು.

ಹಾಗೆ ಉತ್ತರ ಕಲಿತವರಲ್ಲಿ ಐಕಾಂಡೆಯೂ ಒಬ್ಬಳು. ಕಿಲಿಮಂಜಾರೊ ತಪ್ಪಲಿನ ಮಚಾಮೆಯ ಹೆಂಗಸು, ಮೂವತ್ತೊಂಬತ್ತು ವರ್ಷ, ಇಬ್ಬರು ಹೆಣ್ಣುಮಕ್ಕಳ ತಾಯಿ. ಹೆಂಗಸು ಗಾಡಿ ಓಡಿಸಿದರೆ ಟೈರ್ ಬದಲಾಯಿಸೋರು ಯಾರು ಅಂತ ಕಂಪನಿಯಲ್ಲಿ ಮೂಗು ಮುರಿದಾಗ, ಬಾಹಾ ಎಲ್ಲರೆದುರು ಅವಳ ಕೈಗೆ ಜಾಕ್ ಕೊಟ್ಟು, ಹದಿನಾಲ್ಕು ನಿಮಿಷದಲ್ಲಿ ಟೈರ್ ಬದಲಾಯಿಸಿ ತೋರಿಸುವಂತೆ ಮಾಡಿದ್ದರು. ಅವತ್ತಿನಿಂದ ಹನ್ನೊಂದು ವರ್ಷ ಅವಳು ಇದೇ ಕಾಡಿನ ಅನ್ನ ತಿಂದಿದ್ದಾಳೆ. ಬಾಹಾರಿಗೆ ಸಕ್ಕರೆ ಕಾಯಿಲೆ ಇರುವುದು ಕಂಪನಿಗೆ ಗೊತ್ತಿಲ್ಲ, ಅವಳೊಬ್ಬಳಿಗೇ ಗೊತ್ತು. ಗೊತ್ತಾದರೆ ಕೀಲಿ ಕಿತ್ತುಕೊಳ್ಳುತ್ತಾರೆ ಅಂತ ಆಣೆ ಹಾಕಿಸಿಕೊಂಡಿದ್ದರು. ಮಾತ್ರೆ ನುಂಗಿ ಊಟ ತಡವಾದರೆ ರಕ್ತದಲ್ಲಿ ಸಕ್ಕರೆ ಇಳಿದು ಮೈ ಬೆವರಿ ಕೈ ನಡುಗುತ್ತದೆ. ಅದಕ್ಕೆ ಸೀಟಿನ ಪಕ್ಕದಲ್ಲಿ ಯಾವಾಗಲೂ ಒಂದು ಬಾಟಲಿ ಸಿಹಿ ಶುಂಠಿ ಸೋಡಾ ಇಟ್ಟಿರುವರು.

ಆ ದಿನ ಬೆಳಿಗ್ಗೆ ಡೀಸೆಲ್ ಹಾಕಿಸುವಲ್ಲಿ ಇಬ್ಬರ ಗಾಡಿಯೂ ಅಕ್ಕಪಕ್ಕ ನಿಂತಿತ್ತು. ಧೂಳಿಗೆ ಐಕಾಂಡೆಯ ಗಂಟಲು ಕಟ್ಟಿತ್ತು. ಬಾಹಾ ಸೋಡಾ ಬಾಟಲಿ ಕಿಟಕಿಯಿಂದ ಚಾಚಿ, ಕುಡಿ ಮಗಳೇ, ನಾನು ಇನ್ನೊಂದು ತಗೋತೀನಿ, ಅಂದರು. ಅವಳು ಎರಡು ಸಲ ಬೇಡ ಅಂದು ಮೂರನೇ ಸಲಕ್ಕೆ ಕುಡಿದುಬಿಟ್ಟಳು. ಬಾಹಾರ ಗಾಡಿಯಲ್ಲಿ ಪೋಲೆಂಡಿನ ಮುದಿ ದಂಪತಿ, ಸ್ವಾಹಿಲಿಯೂ ಬಾರದು, ಇಂಗ್ಲಿಷೂ ಬಾರದು. ಅವರ ದುಭಾಷಿ ಹೊಟ್ಟೆ ಕೆಟ್ಟು ಕ್ಯಾಂಪಿನಲ್ಲೇ ಮಲಗಿದ್ದ. ನೀನು ಮಹಡಿಮನೆಯವಳ ಮರಿ ನೋಡು, ನಾನು ಒಲೆಗುಂಡಿನ ಕಡೆ ಹೋಗ್ತೀನಿ ಅಂತ ಹೇಳಿ ಬಾಹಾ ಹೊರಟರು. ಹುಲ್ಲುಗಾವಲಿನ ನಡುವೆ ಒಲೆಯ ಮೂರು ಗುಂಡುಗಳ ಹಾಗೆ ನಿಂತಿರುವ ಬಂಡೆಗಳಿಗೆ ಡ್ರೈವರುಗಳು ಇಟ್ಟ ಹೆಸರು ಅದು.

ಹನ್ನೊಂದೂವರೆ ಹೊತ್ತಿಗೆ ಐಕಾಂಡೆ ಹೊಳೆಯ ದಂಡೆಯಲ್ಲಿ ಒಂದು ದೊಡ್ಡ ಮರದ ಕೆಳಗೆ ಗಾಡಿ ನಿಲ್ಲಿಸಿ ಎರಡು ತಾಸಾಗಿತ್ತು. ಕೊಂಬೆಯ ಮೇಲೆ ಚಿರತೆ, ಕೆಳಗೆ ಹುಲ್ಲಿನಲ್ಲಿ ಎಲ್ಲೋ ಅದರ ಮರಿ. ತಾಯಿ ಇಳಿದರೆ ಮರಿ ಹೊರಗೆ ಬರುತ್ತದೆ. ಅವಳ ನಾಲ್ವರು ಅತಿಥಿಗಳಲ್ಲಿ ದೊಡ್ಡ ಕ್ಯಾಮೆರಾದ ಒಬ್ಬ ಗಂಡಸು ಇದೊಂದಕ್ಕಾಗಿಯೇ ಮೂರನೇ ಸಲ ಬಂದಿದ್ದ, ಉಸಿರು ಬಿಡಲೂ ಹೆದರಿ ಕೂತಿದ್ದ.

ಆಗ ರೇಡಿಯೊ ಕರಕರ ಅಂತು. ಬಾಹಾರ ಗಾಡಿಯ ಮುದುಕಿಯ ದನಿ, ತಡವರಿಸುವ ಸ್ವಾಹಿಲಿ. "ತಾತ... ಮಲಗಿದ್ದಾರೆ." ಗುಂಡಿ ಬಿಟ್ಟ ಸದ್ದು, ಮತ್ತೆ ಏನೂ ಇಲ್ಲ. ಬಾಹಾ ತಾತನ ಆಟ ಶುರುವಾಯ್ತು ಅಂತ ಐಕಾಂಡೆಗೆ ನಗು ಬಂತು. ಮೈಕು ತೆಗೆದು ಮೆಲ್ಲಗೆ, "ಮಲಗ್ಲಿ ಬಿಡಿ, ಪಿಂಚಣಿ ತಗೊಂಡೋರಿಗೆ ಇನ್ನೇನು ಕೆಲಸ," ಅಂದಳು. ಬೇರೆ ಗಾಡಿಗಳಿಂದ ನಾಲ್ಕು ಜನ ನಕ್ಕರು. ಚಿರತೆ ಕಿವಿ ನಿಮಿರಿಸಿತು, ಕ್ಯಾಮೆರಾದವನು ಕೆಕ್ಕರಿಸಿ ನೋಡಿದ, ಅವಳು ರೇಡಿಯೊದ ದನಿ ಕಡಿಮೆ ಮಾಡಿದಳು.

ಇಪ್ಪತ್ತು ನಿಮಿಷ ಕಳೆದ ಮೇಲೆ ಅದೇ ದನಿ ಮತ್ತೆ, ಸಣ್ಣಗೆ. ಈ ಸಲ ಅಳುವಿನ ಹಾಗಿತ್ತು. "ನಮ್ಮ ತಾತ ಮಲಗಿದ್ದಾರೆ. ನಮ್ಮ ತಾತ." ಯಾರೋ, ಪಾಪ ಚಾಪೆ ಹಾಸಿಕೊಡ್ರಪ್ಪ, ಅಂತ ಗೇಲಿ ಮಾಡಿದ. ಐಕಾಂಡೆಗೆ ನಗು ಬರಲಿಲ್ಲ. ನಮ್ಮ ಅನ್ನುವ ಮಾತು ಆಟದ ವಾಕ್ಯದಲ್ಲಿ ಇಲ್ಲ. ಕಾಡುಕೋಣವನ್ನು ಯಾರು ನಮ್ಮ ಅನ್ನುತ್ತಾರೆ? ಕ್ಯಾಂಪಿನ ಅಡುಗೆಯವರು ಮಾತ್ರ ಬಾಹಾರನ್ನು ನಮ್ಮ ತಾತ ಅನ್ನುವುದು, ಮುದುಕಿ ಅದನ್ನು ಅಲ್ಲಿ ಕೇಳಿ ಹೆಕ್ಕಿಕೊಂಡಿದ್ದಾಳೆ. ಮೊದಲನೇ ಸಲ ಬಾಹಾರ ನಗುವೂ ಕೇಳಿಸಿರಲಿಲ್ಲ ಅನ್ನುವುದು ಆಗ ನೆನಪಾಯಿತು. ಸೋಡಾ ನೆನಪಾಯಿತು.

ಬಾಹಾ ತಾತ, ಬಾಹಾ ತಾತ ಅಂತ ಮೂರು ಸಲ ಕರೆದಳು. ಉತ್ತರ ಇಲ್ಲ. ಅದೇ ಹೊತ್ತಿಗೆ ಚಿರತೆ ಕೊಂಬೆಯ ಮೇಲೆ ಎದ್ದು ನಿಂತು ಮುಂಗಾಲು ಕೆಳಗಿಟ್ಟಿತು. ಐಕಾಂಡೆ ಗಾಡಿ ಚಾಲು ಮಾಡಿದಳು. ಕ್ಯಾಮೆರಾದವನು ಅವಳ ಸೀಟು ಹಿಡಿದು ಜಗ್ಗಿ ಕೂಗಾಡಿದ, ಕಂಪನಿಗೆ ಬರೆಯುತ್ತೇನೆ ಅಂದ. ಒಬ್ಬರ ಪ್ರಾಣ ಹೋಗ್ತಾ ಇದೆ, ಬರೀರಿ, ಅಂತ ಹೇಳಿ ಅವಳು ಹಿಂದಿರುಗಿ ನೋಡಲಿಲ್ಲ.

ದಾರಿಯಲ್ಲಿ ಹೋದರೆ ನಲವತ್ತು ನಿಮಿಷ. ಒಣಗಿದ ಕೊರಕಲಿಗೆ ಇಳಿದು ಹತ್ತಿದರೆ ಹದಿನೈದು. ಮರಳಿನಲ್ಲಿ ಚಕ್ರ ಹೂತರೆ ಅಲ್ಲಿಗೇ ಕತೆ ಮುಗೀತು. ಅವಳು ಇಳಿಸಿಯೇ ಬಿಟ್ಟಳು. ನಡುವೆ ಒಮ್ಮೆ ಹಿಂದಿನ ಚಕ್ರ ಸುಮ್ಮನೆ ತಿರುಗಿತು, ಗಾಡಿ ಒಂದು ಗೇಣು ಕುಸಿಯಿತು. ಅವಸರ ಪಟ್ರೆ ಹೂತುಕೋತೀಯ, ನಿಧಾನಕ್ಕೆ ಹಿಂದೆ ಬಾ, ಆಮೇಲೆ ಮುಂದೆ, ಅಂತ ಬಾಹಾ ಹೇಳಿಕೊಟ್ಟಿದ್ದರು. ಹಲ್ಲು ಕಚ್ಚಿ ಹಿಂದೆ ಬಂದಳು. ಎರಡನೇ ಸಲಕ್ಕೆ ಗಾಡಿ ದಡ ಹತ್ತಿತು.

ಒಲೆಗುಂಡಿನ ಬಳಿ ಬಾಹಾರ ಗಾಡಿ ಬಾಗಿಲು ತೆರೆದು ನಿಂತಿತ್ತು. ಔಷಧಿ ಅಗೆದು ಬರ್ತೀನಿ ಅಂತ ಇಳಿದಿರಬೇಕು, ಮೂತ್ರಕ್ಕೆ ಹೋಗುವುದಕ್ಕೆ ಇಲ್ಲಿ ಹಾಗೇ ಅನ್ನುವುದು. ಹಿಂದಿನ ಚಕ್ರದ ಪಕ್ಕ ಮಣ್ಣಿನಲ್ಲಿ ಅಂಗಾತ ಬಿದ್ದಿದ್ದರು. ಪೋಲೆಂಡಿನ ಮುದುಕ ಅವರ ಮುಖಕ್ಕೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದು ನಿಂತಿದ್ದ. ಪುಣ್ಯಾತ್ಮ, ಅವನ ಬೆನ್ನ ಹಿಂದೆ ಮೂವತ್ತು ಹೆಜ್ಜೆ ದೂರದಲ್ಲಿ, ಬಂಡೆಯ ನೆರಳಿನಲ್ಲಿ, ಎರಡು ಹೆಣ್ಣುಸಿಂಹ ತಲೆ ಎತ್ತಿ ಇವರನ್ನೇ ನೋಡುತ್ತಿದ್ದುದು ಅವನಿಗೆ ಗೊತ್ತೇ ಇರಲಿಲ್ಲ. ಒಂದು ಆಗಲೇ ಮೊಣಕಾಲೂರಿ ಏಳುವುದರಲ್ಲಿತ್ತು.

ಐಕಾಂಡೆ ಹಾರನ್ ಒತ್ತಲಿಲ್ಲ, ಕೂಗಲಿಲ್ಲ. ಬೆದರಿ ಮುದುಕ ಓಡಿದರೆ ಸಿಂಹವೂ ಓಡುತ್ತದೆ. ಗಾಡಿಯನ್ನು ಬಂಡೆಗೂ ಆ ಇಬ್ಬರಿಗೂ ನಡುವೆ ಅಡ್ಡ ತಂದು ನಿಲ್ಲಿಸಿ, ಸಿಂಹಕ್ಕೆ ಕಾಣದ ಬಾಗಿಲಿನಿಂದ ಇಳಿದು, ಮೊದಲು ಮುದುಕನನ್ನು ಬಾಹಾರ ಗಾಡಿಯೊಳಗೆ ಅವನ ಹೆಂಡತಿಯ ಪಕ್ಕಕ್ಕೆ ತಳ್ಳಿದಳು. ಬಾಹಾರ ಅಂಗಿ ಬೆವರಿಗೆ ಒದ್ದೆ ಮುದ್ದೆ. ಮೂಗಿನ ಹತ್ತಿರ ಬೆರಳಿಟ್ಟಳು. ಉಸಿರು ಇತ್ತು, ಇದೆಯೋ ಇಲ್ಲವೋ ಅನ್ನುವಷ್ಟು.

ಸಿಹಿ ಬೇಕು, ಏನಾದರೂ ಸಿಹಿ ಕೊಡಿ, ಅಂತ ತನ್ನ ಗಾಡಿಯೊಳಗಿನವರಿಗೆ ಕೂಗಿದಳು. ಊಟದ ಡಬ್ಬಿಗಳನ್ನು ಕಿತ್ತು ಜೇನುತುಪ್ಪದ ಪೊಟ್ಟಣಗಳನ್ನು ಕಿಟಕಿಯಿಂದ ಚಾಚಿದವನು ಅದೇ ಕ್ಯಾಮೆರಾದವನು. ಅವಳು ಬಾಹಾರನ್ನು ಮಗ್ಗುಲಿಗೆ ಹೊರಳಿಸಿ, ಜೇನು ಬೆರಳಿಗೆ ಹಚ್ಚಿ ಒಸಡಿಗೆ ಉಜ್ಜಿದಳು. ಒಂದು ಪೊಟ್ಟಣ, ಎರಡು, ಮೂರು. ಗಾಡಿಯ ಆಚೆ ಒಣಹುಲ್ಲು ಸರಕ್ಕಂತು. ಒಳಗಿದ್ದವರ ಮುಖ ನೋಡಿದರೆ ಸಿಂಹ ಎಲ್ಲಿಗೆ ಬಂದಿದೆ ಅಂತ ಅವಳಿಗೆ ತಿಳಿಯುತ್ತಿತ್ತು. ಅವಳು ತಲೆ ಎತ್ತದೆ ಉಜ್ಜುತ್ತಲೇ ಇದ್ದಳು.

ಮುದುಕಿಯ ಕೈಯಿಂದ ಮೈಕು ಇಸಕೊಂಡು, ಕಚೇರಿಯವರು ಕೇಳಿಸಿಕೊಳ್ಳುವುದು ಗೊತ್ತಿದ್ದೇ ಗುಂಡಿ ಒತ್ತಿದಳು. "ಐಕಾಂಡೆ ಮಾತಾಡ್ತಿರೋದು. ಕೋಣ ಅಲ್ಲ ಕಣ್ರೋ, ಬಾಹಾ ತಾತ ಬಿದ್ದವ್ರೆ, ಒಲೆಗುಂಡಿನ ಹತ್ರ. ಸಕ್ಕರೆ ಕಾಯಿಲೆ. ಡಾಕ್ಟ್ರನ್ನ ಕಳಿಸಿ." ಹತ್ತೂ ಗಾಡಿಯವರು ಒಟ್ಟಿಗೇ, ಬಂದೆ, ಬಂದೆ, ಅಂದರು. ಐದನೇ ಪೊಟ್ಟಣಕ್ಕೆ ಬಾಹಾರ ನಾಲಗೆ ಅವಳ ಬೆರಳನ್ನು ಚೀಪಿತು. ಮೊದಲ ಮೂರು ಗಾಡಿ ಧೂಳೆಬ್ಬಿಸಿಕೊಂಡು ಬಂದಾಗ ಸಿಂಹಗಳು ಬಂಡೆಯ ಆಚೆ ಸರಿದವು. ಅವಳು ಮಣ್ಣಿನಲ್ಲಿ ಕೂತು ಮಗುವಿನ ಹಾಗೆ ಅತ್ತಳು.

ಮೂರನೇ ದಿನ ಆಸ್ಪತ್ರೆಯಲ್ಲಿ ಬಾಹಾ ದಿಂಬಿಗೆ ಒರಗಿ ಕೂತಿದ್ದರು. ಚಿರತೆ ಮರಿ ನೋಡಿದ್ರಾ ಅಂತ ಮೊದಲು ಕೇಳಿದರು. ಇಲ್ಲ ಅಂದಳು. ಆಣೆ ಮುರಿದದ್ದನ್ನು ಹೇಳಿದಳು. ಕಂಪನಿಯವರು ಆಗಲೇ ಬಂದು ಕೀಲಿ ತಗೊಂಡು ಹೋಗಿದ್ದಾರೆ ಅಂದರು ಅವರು, ಸಿಟ್ಟಿಲ್ಲದೆ. ಅವಳಿಗೆ ಇನ್ನೊಂದನ್ನು ಹೇಳದೆ ಇರಲಾಗಲಿಲ್ಲ.

"ತಾತ, ಆ ಅಜ್ಜಿ ಮೊದಲ್ನೇ ಸಲ ಕರೆದಾಗ್ಲೇ ನಂಗೆ ಕೇಳಿಸ್ತು. ಮಲಗ್ಲಿ ಬಿಡಿ ಅಂದೆ. ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆ."

"ನಂಗೂ ಕೇಳಿಸ್ತು ಮಗಳೇ," ಅಂದರು ಬಾಹಾ. "ಕಣ್ಣು ಬಿಡೋಕಾಗ್ತಿರ್ಲಿಲ್ಲ. ನೀವೆಲ್ಲ ನಗೋದು ಕೇಳಿಸ್ತಿತ್ತು. ನಾನು ಕಲಿಸಿದ್ದನ್ನ ಎಷ್ಟು ಚೆನ್ನಾಗಿ ಹೇಳ್ತಾರೆ ಅಂದ್ಕೊಂಡೆ."

ಈಗ ಬಾಹಾ ಕರಾಟುವಿನ ಮನೆಯಲ್ಲಿ ನಿಜವಾಗಿಯೂ ಪಿಂಚಣಿ ತಗೊಂಡು ಕೂತಿದ್ದಾರೆ. ಕೋಣಕ್ಕೆ ಬೇರೆ ಹೆಸರಿಡೋಣ ಅಂತ ಡ್ರೈವರುಗಳು ಮಾತಾಡಿಕೊಂಡರು, ಆದರೆ ನಾಲಗೆಗೆ ಹತ್ತಿದ್ದು ಬಿಡುತ್ತದೆಯೇ? ರೇಡಿಯೊದಲ್ಲಿ ಇವತ್ತಿಗೂ ಯಾರಾದರೂ ತಾತ ಮಲಗಿದ್ದಾರೆ ಅನ್ನುತ್ತಾರೆ. ಐಕಾಂಡೆ ಎಲ್ಲಿದ್ದರೂ, ಮುಂದೆ ಚಿರತೆಯಿರಲಿ ಸಿಂಹವಿರಲಿ, ಗಾಡಿ ತಿರುಗಿಸುತ್ತಾಳೆ. ಅತಿಥಿಗಳು ಗೊಣಗುತ್ತಾರೆ. ಹೋಗಿ ನೋಡಿದರೆ ಕೆಸರು ಮೆತ್ತಿಕೊಂಡ ಮುದಿ ಕೋಣ ಮೆಲುಕು ಹಾಕುತ್ತಾ ಬಿದ್ದಿರುತ್ತದೆ. ಅದರ ಹೊಟ್ಟೆ ಏರಿ ಇಳಿಯುವುದನ್ನು ಎರಡು ಸಲ ನೋಡಿ, ಆಮೇಲೆ ಅವಳು ಅಲ್ಲಿಂದ ಹೊರಡುತ್ತಾಳೆ.