ಲಕ್ಷ ಬತ್ತಿಯ ಹರಕೆ, ಸವೆದ ಬೆರಳು

೧೯೯೭ರ ಜುಲೈನಲ್ಲಿ ಮೇರಿಲ್ಯಾಂಡಿನ ಕೊಲಂಬಿಯಾದ ನಮ್ಮ ಅಪಾರ್ಟ್‌ಮೆಂಟಿಗೆ ವಲಸೆ ಕಚೇರಿಯಿಂದ ಎರಡನೆಯ ಸಲ ಅದೇ ಕಾಗದ ಬಂತು. ನನ್ನ ಬೆರಳಚ್ಚು ಓದಲು ಬರುತ್ತಿಲ್ಲವಂತೆ, ಮತ್ತೆ ಕೊಡಬೇಕಂತೆ. ಭಕ್ತ ಬಂಧುಗಳೇ, ಅನುಭವ ಬರೆಯಲು ಕೂತರೆ ಭಕ್ತಿಗಿಂತ ಮೊದಲು ಆ ದಿನದ ಸಿಟ್ಟೇ ನೆನಪಾಗುತ್ತದೆ, ಏನು ಮಾಡಲಿ.

ಮದುವೆಯಾಗಿ ಹನ್ನೊಂದು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಹುಬ್ಬಳ್ಳಿಯ ಒಂದು ಅನಾಥಾಶ್ರಮದವರು ಫೆಬ್ರವರಿಯಲ್ಲಿ ಮೂರು ತಿಂಗಳ ಹೆಣ್ಣುಕೂಸಿನ ಫೋಟೋ ಕಳಿಸಿದ್ದರು. ಅದನ್ನು ಇಲ್ಲಿಗೆ ಕರೆತರಲು ಅಮೆರಿಕ ಸರ್ಕಾರದ ಒಪ್ಪಿಗೆ ಬೇಕು, ಒಪ್ಪಿಗೆಗೆ ಗಂಡ ಹೆಂಡತಿ ಇಬ್ಬರ ಹತ್ತೂ ಬೆರಳಿನ ಗುರುತು ಬೇಕು. ಇಂಜಿನಿಯರ್ ಆಗಿದ್ದ ನಮ್ಮ ಮನೆಯವರ ಬೆರಳು ಮೊದಲ ಸಲವೇ ಪಾಸಾದವು.

"ಸಿಟ್ಟು ಮಾಡಬ್ಯಾಡ, ಮೂರನೇ ಸಲ ಆಗ್ತದ ತಗೋ" ಎಂದರು ಅವರು.

"ನಿಮ್ಮವು ಒಂದ ಸಲಕ್ಕ ಆದುವಲ್ಲಾ, ಹೇಳ್ತೀರಿ ನೀವು" ಎಂದೆ.

ಹುಬ್ಬಳ್ಳಿಗೆ ಫೋನ್ ಮಾಡಿದರೆ ಆಶ್ರಮದ ಮೇಲ್ವಿಚಾರಕಿ, "ದೀಪಾವಳಿ ತನಕಾ ಕಾಯ್ತೀವ್ರಿ ಅಕ್ಕಾರ. ಆಮ್ಯಾಲ ಬ್ಯಾರೆಯವರಿಗೆ ಕೊಡಬೇಕಾಗ್ತದ. ಕೂಸಿಗೂ ಒಂದು ಮನಿ ಬೇಕಲ್ರಿ" ಎಂದರು. ಅವರದೇನೂ ತಪ್ಪಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಫೋಟೋ ಬಂದ ದಿನವೇ ನಾನು ತಾಯಿ ಬನಶಂಕರಿಗೆ ಲಕ್ಷ ಹೂಬತ್ತಿಯ ಹರಕೆ ಹೊತ್ತಿದ್ದೆ. ಔಷಧದ ಅಂಗಡಿಯಿಂದ ಹತ್ತಿಯ ಉರುಳೆ ತಂದು, ಬಿಡಿಸಿ, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಒಂದೊಂದರ ತುದಿ ತಿರುವಿ ಹೊಸೆಯುತ್ತಿದ್ದೆ. ದಿನಕ್ಕೆ ಮುನ್ನೂರು. ಮೇ ತಿಂಗಳಲ್ಲಿ ಮೊದಲ ಕಾಗದ ಬಂದಾಗ ಹರಕೆಯಲ್ಲೇ ಏನೋ ಕೊರತೆಯಿದೆ ಅನ್ನಿಸಿ ಐನೂರಕ್ಕೆ ಏರಿಸಿದೆ. ಜುಲೈಯಲ್ಲಿ ಎರಡನೆಯದು ಬಂದ ಮೇಲೆ ಅಡುಗೆ ಮಾಡುವುದನ್ನೂ ಬಿಟ್ಟು ಹೊಸೆದೆ. ಮನೆಯವರು ಮೂರು ದಿನ ಬ್ರೆಡ್ ತಿಂದರು, ಪಾಪ.

ಆಗಸ್ಟಿನಲ್ಲಿ ಮೂರನೆಯ ಸಲ ಪೊಲೀಸ್ ಸ್ಟೇಷನ್ನಿಗೆ ಹೋದೆವು. ಬೆರಳಚ್ಚು ತೆಗೆಯುವ ತಲೆ ನರೆತ ಹೆಂಗಸು ನನ್ನ ಬೆರಳಿಗೆ ಮಸಿ ಹಚ್ಚಿ ಕಾರ್ಡಿನ ಮೇಲೆ ಹೊರಳಿಸಿ, ಭೂತಗನ್ನಡಿ ಹಿಡಿದು ನೋಡಿದಳು. ಆಮೇಲೆ ಕಾರ್ಡು ಬಿಟ್ಟು ನನ್ನ ಕೈಯನ್ನೇ ನೋಡಿದಳು.

"ಏನು ಕೆಲಸ ಮಾಡುತ್ತೀಯಮ್ಮ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಇಟ್ಟಿಗೆ ಕೆಲಸದವರ ಬೆರಳಿನ ಗೆರೆಗಳು ಹೀಗೆ ಸವೆದಿರುತ್ತವೆ."

ಮನೆಯಲ್ಲೇ ಇರುತ್ತೇನೆ, ದೇವರಿಗೆ ಬತ್ತಿ ಹೊಸೆಯುತ್ತೇನೆ ಎಂದು ಹೇಳುತ್ತ, ಹೊಸೆಯುವುದು ಹೇಗೆಂದು ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದೆ. "ಅದೇ," ಎಂದಳು. "ಅದನ್ನು ಬಿಟ್ಟು, ಕೈಗೆ ಜಿಡ್ಡು ಹಚ್ಚಿಕೊಂಡು ಮೂರು ವಾರದ ಮೇಲೆ ಬಾ. ಈಗ ಕಳಿಸಿದರೆ ಮತ್ತೆ ಹಿಂದಕ್ಕೇ ಬರುತ್ತದೆ."

ಕಾರಿನಲ್ಲಿ ಮನೆಯವರಿಗೆ ನಗು ತಡೆಯಲಾಗಲಿಲ್ಲ. ನಾನು ಮನೆಗೆ ಬಂದವಳೇ ಬಟ್ಟೆಯ ಕಪಾಟಿನಲ್ಲಿ ಮಾಡಿಕೊಂಡಿದ್ದ ದೇವರ ಗೂಡಿನ ಮುಂದೆ ನಿಂತು ಬೈದೆ. "ನಿನಗಂತ ಹೊಸೆದದ್ದ ನನಗ ಅಡ್ಡ ಬಂತಲ್ಲವಾ. ಇಷ್ಟು ದಿನಾ ನೋಡಕೋತ ಕುಂತಿದ್ದ್ಯಲ್ಲ, ಒಂದ ಮಾತು ಹೇಳಬಾರದಿತ್ತೇನು?" ತಾಯಿಯನ್ನು ಬೈದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೈದದ್ದು ನಿಜ.

ಹೊಸೆದರೆ ಒಪ್ಪಿಗೆ ಬರುವುದಿಲ್ಲ. ಬಿಟ್ಟರೆ ಹರಕೆ ಮುರಿಯುತ್ತದೆ. ಎರಡರಲ್ಲೂ ಕೂಸು ಕೈತಪ್ಪುತ್ತದೆ ಎಂಬ ಭಯ ನನ್ನನ್ನು ಅರೆಹುಚ್ಚಿ ಮಾಡಿತು. ಎಡಗೈಯಿಂದ ಹೊಸೆಯಲು ನೋಡಿದೆ. "ಆ ಕೈ ಬೆರಳ ಬ್ಯಾಡೇನು ಅವರಿಗೆ?" ಎಂದು ಮನೆಯವರು ಹತ್ತಿಯನ್ನೆಲ್ಲ ಚೀಲಕ್ಕೆ ತುಂಬಿ, ಶನಿವಾರದ ಭಜನೆಗೆ ಬರುವ ಗದಗಿನ ಶಾಂತಾ ಆಂಟಿಯ ಮನೆಗೆ ಹೊರಟರು. ನಾನೂ ಹಿಂದೆಯೇ ಹೋದೆ.

ಆಂಟಿ ಎಲ್ಲ ಕೇಳಿಸಿಕೊಂಡು, "ಹರಕಿ ನಾವೆಲ್ಲಾ ಕೂಡಿ ತೀರಸ್ತೀವಿ, ನೀ ಕೈ ಕಟ್ಟಿ ಕೂಡು" ಎಂದರು.

"ನಾ ಹೊತ್ತದ್ದು ನಾನ ಮಾಡಬೇಕಲ್ರಿ ಆಂಟಿ."

"ಅಕಿ ನಿನ್ನ ಅತ್ತಿ ಏನ? ದುಡದು ತೋರಿಸಿದ್ರಷ್ಟ ಮೆಚ್ಚಾಕ? ತಾಯಿ ಇದ್ದಾಳ ಅಕಿ."

ಮೂರು ವಾರ ಬೆರಳಿಗೆ ತುಪ್ಪ ಸವರಿಕೊಂಡು, ಮೇಲೆ ಕೈಗವಸು ಹಾಕಿಕೊಂಡು ಕೂತೆ. ಪಾತ್ರೆ ತೊಳೆಯುವುದೂ ಮನೆಯವರ ಪಾಲಿಗೆ ಬಂತು. ಭಜನೆಗೆ ಬರುವ ಸಾಫ್ಟ್‌ವೇರ್ ಹುಡುಗರು ನನ್ನ ಕಣ್ಣೆದುರಿಗೇ ಸೊಟ್ಟಗೆ, ದಪ್ಪಗೆ, ಸೊಳ್ಳೆ ಹೊಡೆದು ಬಿಸಾಕಿದಂತೆ ಬತ್ತಿ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿ. ಮುಟ್ಟುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಪೂಜೆ ನಾನು ಮಾಡಿಲ್ಲ.

ಸೆಪ್ಟೆಂಬರಿನಲ್ಲಿ ಅದೇ ಹೆಂಗಸು ಕಾರ್ಡು ನೋಡಿ ತಲೆಯಾಡಿಸಿ ಕಳಿಸಿದಳು. ಹಿಂದಿನ ಎರಡೂ ಸಲ ಉತ್ತರಕ್ಕೆ ಎರಡು ತಿಂಗಳು ಹಿಡಿದಿತ್ತು. ಆ ಲೆಕ್ಕದಲ್ಲಿ ದೀಪಾವಳಿ ದಾಟಿಹೋಗುತ್ತಿತ್ತು. ಆದರೆ ಒಂದೇ ತಿಂಗಳಿಗೆ, ಅಕ್ಟೋಬರಿನ ಒಂದು ಸೋಮವಾರ, ಒಪ್ಪಿಗೆಯ ಪತ್ರ ಬಂತು. ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಮನೆಯವರು ಆಫೀಸಿನಿಂದಲೇ ಮುಂಬೈಗೆ ಟಿಕೆಟ್ ಬುಕ್ ಮಾಡಿದರು, ಅಲ್ಲಿಂದ ಹುಬ್ಬಳ್ಳಿಗೆ ಬಸ್ಸು.

ನಾನು ಶಾಂತಾ ಆಂಟಿಗೆ ಫೋನ್ ಮಾಡಿ ಬತ್ತಿ ಎಷ್ಟಾದವು ಎಂದು ಕೇಳಿದೆ. ಇನ್ನೂ ಇಪ್ಪತ್ತು ಸಾವಿರದ ಮೇಲೆ ಉಳಿದಿದ್ದವು. ಫೋನ್ ಇಟ್ಟು ದೇವರ ಮುಂದೆ ಕೂತೆ. ಹರಕೆ ಮುಗಿದಿರಲಿಲ್ಲ. ಬೈದ ಬಾಯಿಯಿಂದ ಕ್ಷಮೆಯನ್ನೂ ಕೇಳಿರಲಿಲ್ಲ. ಅಂದು ಅತ್ತಷ್ಟು ನಾನು ಎಂದೂ ಅತ್ತಿಲ್ಲ.

ನನ್ನ ಸಿಡುಕು ಹೋಯಿತೆಂದು ಬರೆದರೆ ಮನೆಯವರು ನಗುತ್ತಾರೆ. ಆದರೆ ಇದು ಕೊಡು, ಅದು ಮಾಡುತ್ತೇನೆ ಎಂದು ತಾಯಿಗೆ ಹೇಳುವುದನ್ನು ನಿಲ್ಲಿಸಿದ್ದೇನೆ. ಸುಮ್ಮನೆ ಹೋಗಿ ನಿಲ್ಲುತ್ತೇನೆ. ಅವಳು ಕೂಸು ಕೊಟ್ಟದ್ದು ನನ್ನ ಬರಿಗೈಗೆ.